ಬ್ರೇಕ್ ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದ ಹೊಗೆ

ಮೈಸೂರು ಸೀಮೆಯಲ್ಲಿ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರನ್ನು ಆ ಹೆಸರಿನಿಂದ ಕರೆಯುವವರು ವಿರಳ. ಲಾರಿ ಮಾಲೀಕನಿಂದ ಹಿಡಿದು ಕ್ಲೀನರ್ ಹುಡುಗನವರೆಗೆ ಎಲ್ಲರಿಗೂ ಅವರು ‘ಬ್ರೇಕ್ ಇನ್ಸ್‌ಪೆಕ್ಟರ್’. ಇದು ಸರ್ಕಾರ ಕೊಟ್ಟ ಹೆಸರಲ್ಲ, ಜನ ಇಟ್ಟದ್ದು. ಬಂದ ಅಧಿಕಾರಿ ಏನನ್ನು ನೋಡುತ್ತಾರೆ ಎಂಬುದನ್ನು ನೋಡಿ ಇಟ್ಟದ್ದು. ಬ್ರೇಕು ಹಿಡಿಯುತ್ತದೆಯೇ, ದೀಪ ಉರಿಯುತ್ತದೆಯೇ, ಹಾರನ್ನು ಕೂಗುತ್ತದೆಯೇ, ಟೈರು ಸವೆದಿದೆಯೇ? ಎಲ್ಲವೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ, ಕಾಲಿನಿಂದ ತುಳಿದು ನೋಡಬಹುದಾದ ಸಂಗತಿಗಳು. ವಾಹನದ ಹೊಗೆಯನ್ನು ಕಾನೂನು ನೋಡಿಕೊಂಡು ಬಂದದ್ದೂ ಹೀಗೆಯೇ. ಕಂಡರೆ ತಪ್ಪು, ಕಾಣದಿದ್ದರೆ ಸರಿ. ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ಲೆಕ್ಕ ಈಗ ತಪ್ಪತೊಡಗಿದೆ.

ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳನ್ನು ಹಾದು ಕೊಳ್ಳೇಗಾಲ ಮುಟ್ಟುವ ಹೆದ್ದಾರಿಗೆ ಈಗ 766ರ ಸಂಖ್ಯೆ. ಹಳಬರಿಗೆ ಅದು ಇನ್ನೂ 212. ಕೇರಳದ ಲಾರಿಗಳು, ಊಟಿಗೆ ಹೋಗುವ ಪ್ರವಾಸಿಗರ ಕಾರುಗಳು, ಕೈಗಾರಿಕಾ ಪ್ರದೇಶದ ಸರಕು, ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಶ್ರೀಕಂಠೇಶ್ವರನ ಭಕ್ತರು, ಇವೆಲ್ಲದರ ಭಾರ ಹೊರುವ ಹಾದಿ ಇದು. ಇಲ್ಲಿ ಓಡುವ ಹೊಸ ಡೀಸೆಲ್ ಕಾರಿನ ಹಿಂದೆ ನಿಂತು ನೋಡಿ. ಹೊಗೆಯೇ ಕಾಣದು. ಹಾಗೆ ಕಾಣದಿರುವುದಕ್ಕೆ ಕಾರಣವಾದ ಒಂದು ಡಬ್ಬಿಯನ್ನು ಕೆಲವರು ಗ್ಯಾರೇಜಿನಲ್ಲಿ ಕಿತ್ತು ಹಾಕಿಸುತ್ತಾರೆ. ಕಿತ್ತ ಮೇಲೂ ಹೊಗೆ ಅಷ್ಟಾಗಿ ಕಾಣದು. ತೊಡಕು ಇರುವುದು ಅಲ್ಲಿಯೇ.

‘ಕಾಣುವ’ ಎಂಬ ಮಾತು ಕಾನೂನಿಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1896ರಲ್ಲಿ ಹೆದ್ದಾರಿಯ ಬಂಡಿಗಳ ಬಗ್ಗೆ ಒಂದು ಶಾಸನವಾಯಿತು. ಅದಕ್ಕೆ ಮುಂಚೆ ಯಂತ್ರದಿಂದ ಚಲಿಸುವ ಬಂಡಿ ರಸ್ತೆಗೆ ಇಳಿದರೆ ರಸ್ತೆಯ ಮೇಲೆ ಓಡುವ ಭಾರೀ ಉಗಿ ಎಂಜಿನ್ನಿಗೆ ಹಾಕಿದಷ್ಟೇ ಕಟ್ಟುಪಾಡುಗಳಿದ್ದವು. ಹೊಸ ಶಾಸನ ಹಗುರವಾದ ಮೋಟಾರು ಬಂಡಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಆದರೆ ಒಂದು ಷರತ್ತು: ಆಕಸ್ಮಿಕವಾಗಿ ಅಥವಾ ತಾತ್ಕಾಲಿಕವಾಗಿ ಆದದ್ದನ್ನು ಬಿಟ್ಟರೆ ಬಂಡಿ ಹೊಗೆಯನ್ನಾಗಲಿ ಕಣ್ಣಿಗೆ ಕಾಣುವ ಆವಿಯನ್ನಾಗಲಿ ಬಿಡದಂತೆ ಕಟ್ಟಿರಬೇಕು. ಜನರ ಎದೆಗೂಡಿನ ಚಿಂತೆಗಿಂತ ಕುದುರೆಗಳು ಬೆದರುತ್ತವೆ ಎಂಬ ಚಿಂತೆಯೇ ಆಗ ದೊಡ್ಡದಾಗಿದ್ದಿರಬೇಕು.

ಆ ಮಾತು ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಇಂದು ಜಾರಿಯಲ್ಲಿರುವ 1988ರ ಮೋಟಾರು ವಾಹನ ಕಾಯ್ದೆಯ 110ನೇ ಕಲಮನ್ನು ತೆಗೆದು ನೋಡಿದರೆ, ಕೇಂದ್ರ ಸರ್ಕಾರ ಯಾವ ಯಾವ ವಿಷಯಗಳಲ್ಲಿ ನಿಯಮ ಮಾಡಬಹುದು ಎಂಬ ಪಟ್ಟಿಯಲ್ಲಿ ಹೊಗೆ, ಕಣ್ಣಿಗೆ ಕಾಣುವ ಆವಿ, ಕಿಡಿ, ಬೂದಿ, ಮಸಿಹರಳು, ಎಣ್ಣೆ ಎಲ್ಲವೂ ಇವೆ. ಡೀಸೆಲ್ ಕಾರಿನಿಂದ ಬೂದಿ ಉದುರುವುದನ್ನು ಯಾರು ಕಂಡಿದ್ದಾರೆ? ಅದು ಉಗಿ ಲಾರಿಗಳ ಕಾಲದ ನೆನಪು. ಕಾನೂನಿನ ಪುಸ್ತಕದಲ್ಲಿ ಸುಲಭವಾಗಿ ಏನೂ ಸಾಯುವುದಿಲ್ಲ.

ಹಾಗೆಂದು ಕಿಡಿ, ಬೂದಿಗಳು ನಮ್ಮ ರಸ್ತೆಗಳಿಗೆ ತೀರ ಅಪರಿಚಿತವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲಿನ ಮೇಲೆ ಓಡಿದವು. ಬಸ್ಸಿನ ಹಿಂಭಾಗದಲ್ಲಿ ಒಂದು ಉದ್ದನೆಯ ಒಲೆ. ಅದರೊಳಗೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಿಂದ ತಿದಿ ತಿರುಗಿಸಿ, ಅರೆಗಾವಿನಲ್ಲಿ ಉರಿಸಿದರೆ ಹುಟ್ಟುವ ಅನಿಲವೇ ಎಂಜಿನ್ನಿಗೆ ಆಹಾರ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಆ ಬಸ್ಸುಗಳ ತಮಾಷೆಯ ಕತೆಗಳನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಿಮೆ. ತಮಾಷೆಯ ಹಿಂದಿನ ಒಂದು ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಅನಿಲದಲ್ಲಿ ಉರಿಯುವ ಮುಖ್ಯ ಭಾಗ ಇಂಗಾಲದ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲುವ ಶಕ್ತಿಯುಂಟು. ಮುಖಕ್ಕೆ ಮೆತ್ತಿದ ಮಸಿಯನ್ನು ಬೈದುಕೊಂಡ ಪ್ರಯಾಣಿಕನಿಗೆ ನಿಜವಾದ ವಿಷ ಕಂಡೇ ಇರಲಿಲ್ಲ. ಎಂಜಿನ್ ಮಾರ್ಪಾಡು ಎಂದರೆ ಇಂದು ನಾವು ಪುಂಡಾಟಿಕೆ ಎನ್ನುತ್ತೇವೆ. ಅಂದು ಸರ್ಕಾರಗಳೇ ಬೆನ್ನು ತಟ್ಟಿ ಮಾಡಿಸಿದ ಮಾರ್ಪಾಡು ಅದು.

ನಂಜನಗೂಡಿನಲ್ಲಿ ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಎತ್ತಿನ ಗಾಡಿಗೆಂದು ಕಟ್ಟಿದ ಆ ಕಲ್ಲುಕಟ್ಟಡದ ಮೇಲೆ 1891ರಲ್ಲಿ ಮೈಸೂರಿನಿಂದ ಬಂದ ರೈಲೂ ಓಡಿತು. ಒಂದು ಪಕ್ಕದಲ್ಲಿ ಹಳಿ, ಇನ್ನೊಂದು ಪಕ್ಕದಲ್ಲಿ ರಸ್ತೆ. ಉಗಿ ಎಂಜಿನ್ನಿನ ಹೊಗೆ, ಬಸ್ಸಿನ ಹೊಗೆ ಎರಡೂ ಒಂದೇ ಸೇತುವೆಯ ಮೇಲೆ ಕಲೆತು ನದಿಯ ಮೇಲೆ ಹಾರಿಹೋಗುತ್ತಿದ್ದ ಕಾಲವದು. ಬ್ರಾಡ್‌ಗೇಜ್ ಬಂದಾಗ ರೈಲು ಹೊಸ ಸೇತುವೆಗೆ ಸರಿಯಿತು.

ಯುದ್ಧ ಮುಗಿದ ಮೇಲೆ ಬಂದದ್ದು ಡೀಸೆಲ್ ಯುಗ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಕೆಲಸ ಆರಂಭಿಸಿತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿ ಹೊರಬಂತು. ಮದರಾಸಿನ ಲೇಲ್ಯಾಂಡ್ ಜತೆಗೂಡಿತು. ಡೀಸೆಲ್ ಎಂದರೆ ಲಾರಿ, ಬಸ್ಸು. ಪೆಟ್ರೋಲ್ ಎಂದರೆ ಕಾರು. ಈ ವಿಂಗಡಣೆ ಎಷ್ಟು ಸಹಜವೆನಿಸಿತ್ತೆಂದರೆ, ಕಾನೂನಿನ ಇನ್ನೊಂದು ವಿಂಗಡಣೆ ಅದರ ಮೇಲೆ ಹೊದಿಸಿದಂತೆ ಸರಿಯಾಗಿ ಕೂತುಬಿಟ್ಟಿತು. 1939ರ ಮೋಟಾರು ವಾಹನ ಕಾಯ್ದೆ ಬಾಡಿಗೆಗೆ, ಸರಕಿಗೆ, ಪ್ರಯಾಣಿಕರಿಗೆ ಓಡುವ ಸಾರಿಗೆ ವಾಹನಗಳಿಗೆ ಮಾತ್ರ ಅರ್ಹತಾ ಪತ್ರ ಬೇಕೆಂದಿತು. ನಾವು ‘ಎಫ್.ಸಿ.’ ಎನ್ನುವುದು ಅದನ್ನೇ. ಸ್ವಂತದ ಕಾರಿಗೆ ಎಫ್.ಸಿ.ಯ ಗೊಡವೆಯಿರಲಿಲ್ಲ. ಕಪ್ಪು ಹೊಗೆ ಉಗುಳುವುದು ಲಾರಿ, ತಪಾಸಣೆಗೆ ಬರುವುದೂ ಲಾರಿ. ಲೆಕ್ಕ ಸರಿಹೋಯಿತು.

ಎಫ್.ಸಿ.ಗೆ ಲಾರಿ ಸಿಂಗರಿಸುವುದು ನಮ್ಮಲ್ಲಿ ಒಂದು ಹಬ್ಬವೇ. ಹೊಸ ಬಣ್ಣ ಬಳಿಯುವುದು, ನಂಬರು ಬರೆಸುವುದು, ಸವೆದ ಟೈರಿನ ಜಾಗಕ್ಕೆ ಯಾರದೋ ಒಳ್ಳೆಯ ಟೈರನ್ನು ಒಂದು ದಿನದ ಮಟ್ಟಿಗೆ ಹಾಕುವುದು, ಕರ್ಕಶ ಹಾರನ್ನನ್ನು ಬಿಚ್ಚಿಡುವುದು. ಹೊಗೆಗೂ ಒಂದು ಉಪಾಯವಿತ್ತು. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಅಳತೆ ಮಾಡುವುದು ಪಂಪು. ಅದರ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಹೆಚ್ಚು ಡೀಸೆಲ್ ಹೋಗುತ್ತದೆ, ಎಳೆತ ಹೆಚ್ಚುತ್ತದೆ. ಆದರೆ ಅಷ್ಟು ಡೀಸೆಲ್ ಸುಡಲು ಬೇಕಾದ ಗಾಳಿ ಇಲ್ಲದ್ದರಿಂದ ಅರೆಬೆಂದ ಇಂಗಾಲ ಕಪ್ಪಗೆ ಹೊರಬೀಳುತ್ತದೆ. ತಪಾಸಣೆಯ ಹಿಂದಿನ ದಿನ ಆ ತಿರುಪನ್ನು ಹಿಂದಕ್ಕೆ ತಿರುಗಿಸಿದರಾಯಿತು. ಎಫ್.ಸಿ. ಮುಗಿದ ಮೇಲೆ ಘಟ್ಟ ಹತ್ತಬೇಕಲ್ಲ, ಮತ್ತೆ ಮುಂದಕ್ಕೆ. ಇಂಥ ಕೈಚಳಕವನ್ನು ಪಂಪಿನ ಮೇಲಿನ ಸೀಲಿನಿಂದ ತಡೆಯಬಹುದಿತ್ತು. ಸೀಲನ್ನು ಒಡೆದವನಿಗೆ ಮತ್ತೆ ಹಾಕುವುದೂ ಗೊತ್ತಿರುತ್ತಿತ್ತು.

ಲಾರಿ, ಕಾರುಗಳ ನಡುವಿನ ಗೆರೆ ಅಳಿಸತೊಡಗಿದ್ದು 1980ರ ಹೊತ್ತಿಗೆ, ಅಂಬಾಸಿಡರ್ ಕಾರು ಡೀಸೆಲ್ ಎಂಜಿನ್ನಿನಲ್ಲಿ ಬಂದಾಗ. ಡೀಸೆಲ್ ಅಗ್ಗ. ಪೆಟ್ರೋಲ್ ಅಂಬಾಸಿಡರ್ ಇದ್ದವರು ಕೈಕಟ್ಟಿ ಕೂರಲಿಲ್ಲ. ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ತಂದು ಅದರೊಳಗೆ ಕೂರಿಸಿದರು. ದಕ್ಷಿಣದ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ‘ಮೆಟಡಾರ್ ಎಂಜಿನ್ ಗಾಡಿ’ ಎಂದರೆ ಒಂದು ಗೌರವವೇ ಇತ್ತು. ಗದ್ದಲ, ನಡುಕ, ಹೊಗೆ ಎಲ್ಲ ಸೇರಿ ಕಾರಿನ ಚರ್ಮ ಹೊದ್ದ ಲಾರಿಯಂತಿದ್ದರೂ ಬಾಡಿಗೆಯ ಲೆಕ್ಕದಲ್ಲಿ ಅದೇ ಲಾಭ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ಬದಲಾವಣೆ ಬರೆಸಿದರೆ ಕಾನೂನಿಗೂ ಒಪ್ಪಿಗೆ. ಆಮೇಲೆ 1994ರಲ್ಲಿ ಟಾಟಾ ಸುಮೊ, 1998ರ ಕೊನೆಯಲ್ಲಿ ಇಂಡಿಕಾ ಬಂದವು. ಡೀಸೆಲ್ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟುಕೊಟ್ಟ 2014ರವರೆಗೂ ಮನೆಮಂದಿ ಡೀಸೆಲ್ ಕಾರನ್ನು ಅರಸಿಕೊಂಡು ಹೋದರು.

ಕಾನೂನಿನ ವಿಂಗಡಣೆ ಮಾತ್ರ ಇದ್ದಲ್ಲೇ ಇತ್ತು. 1989ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅರ್ಹತಾ ಪತ್ರ ಸಾರಿಗೆ ವಾಹನಗಳಿಗೆ ಮಾತ್ರ. ಹಳದಿ ಫಲಕದ ಡೀಸೆಲ್ ಟ್ಯಾಕ್ಸಿ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ನಿರೀಕ್ಷಕರ ಮುಂದೆ ನಿಲ್ಲಬೇಕು. ಅದೇ ಕಾರು, ಅದೇ ಎಂಜಿನ್, ಫಲಕ ಬಿಳಿಯದಾದರೆ 15 ವರ್ಷ ಯಾರೂ ಕೇಳುವುದಿಲ್ಲ. ಆಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುವಾಗ ಮಾತ್ರ ತಪಾಸಣೆ. ಕೃಷಿ ಟ್ರ್ಯಾಕ್ಟರನ್ನೂ ನಿಯಮಗಳು ಸಾರಿಗೆಯೇತರ ವಾಹನವೆಂದೇ ಎಣಿಸುತ್ತವೆ. ಹೊಲ ಉಳುವುದಕ್ಕಿಂತ ಹೆಚ್ಚು ದಿನ ಕಬ್ಬು ಹೊರುವ ಟ್ರ್ಯಾಕ್ಟರೂ ಇದರಲ್ಲಿ ಸೇರಿತು.

ಸ್ವಂತದ ಕಾರಿಗೆ ಉಳಿದ ಒಂದೇ ಪರೀಕ್ಷೆ, ಪೆಟ್ರೋಲ್ ಬಂಕುಗಳ ಪಕ್ಕದ ವ್ಯಾನಿನಲ್ಲಿ ನಡೆಯುವ ಹೊಗೆ ತಪಾಸಣೆ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯದು ಇದಕ್ಕೆ ಆಧಾರ. ಗಾಡಿ ಕೊಂಡು ಒಂದು ವರ್ಷವಾದ ಮೇಲೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಅನಂತರದ ಗಾಡಿಗಳಿಗೆ ವರ್ಷಕ್ಕೊಮ್ಮೆ ಈ ಪತ್ರ ಪಡೆಯಬೇಕು. ಡೀಸೆಲ್ ಗಾಡಿಯ ಪರೀಕ್ಷೆ ಹೇಗೆಂದರೆ, ಎಂಜಿನ್ ಬಿಸಿಯಾದ ಮೇಲೆ ಗೇರು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ತುಳಿಯಬೇಕು. ಹೊಗೆ ಕೊಳವೆಯಿಂದ ಬಂದ ಹೊಗೆಯನ್ನು ಒಂದು ನಳಿಗೆಯಲ್ಲಿ ಹಾಯಿಸಿ, ಅದರ ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಎಷ್ಟು ಉಳಿಯಿತೆಂದು ಅಳೆಯುತ್ತಾರೆ. ಹಾರ್ಟ್‌ರಿಜ್ ಎಂಬ ಇಂಗ್ಲಿಷ್ ಕಂಪನಿಯ ಹೆಸರಿನ ಮಾನ ಇದಕ್ಕುಂಟು. ಆ ಲೆಕ್ಕದ ನಳಿಗೆಯ ಉದ್ದ 43 ಸೆಂಟಿಮೀಟರ್. ನಮ್ಮ ನಿಯಮದ ಮೊದಲ ಮಿತಿ 65 ಮಾನ. ಅಂದರೆ ನೂರು ಪಾಲು ಬೆಳಕು ಬಿಟ್ಟರೆ ಕನಿಷ್ಠ 35 ಪಾಲಾದರೂ ಆಚೆ ದಾಟಬೇಕು. ಬಿಎಸ್-4 ಗಾಡಿಗಳಿಗೆ ಅದು 50ಕ್ಕೆ ಇಳಿಯಿತು.

ಯಂತ್ರ ಹೊಸದು, ತತ್ವ ಹಳೆಯದೇ. 1896ರ ‘ಕಾಣುವ’ ಹೊಗೆಯನ್ನು ಪೊಲೀಸಿನವನ ಕಣ್ಣಿನ ಬದಲು ಬೆಳಕಿನ ಕಣ್ಣಿನಿಂದ ನೋಡುವುದು. ಅದೇ ನಿಯಮಗಳಲ್ಲಿ ಇನ್ನೊಂದು ಸೊಗಸಾದ ಮಾತೂ ಇದೆ. ಹೊಗೆ ನೆಲಕ್ಕಾಗಲಿ ಎಡಕ್ಕಾಗಲಿ ಮುಖಮಾಡಿ ಬರಬಾರದಂತೆ. ಎಡಕ್ಕೆ ಏಕೆ ಬೇಡವೆಂದರೆ ಅಲ್ಲಿ ಕಾಲ್ನಡಿಗೆಯವನಿರುತ್ತಾನೆ. ನಂಜನಗೂಡಿನ ಪೇಟೆಯಲ್ಲಿ ಎಡಗಡೆ ನಡೆದವರಿಗೆ ಈ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂದು ನಾನು ಹೇಳಬೇಕಿಲ್ಲ.

ಕಾರ್ಖಾನೆಯಿಂದ ಹೊರಬೀಳುವ ಹೊಸ ಗಾಡಿಗಳ ಮೇಲಿನ ಕಟ್ಟುಪಾಡಿನ ಕತೆ ಬೇರೆ. ಡೀಸೆಲ್ ಗಾಡಿಗಳಿಗೆ ಅದು 1992ರಲ್ಲಿ ಮೊದಲಾಯಿತು. ಆಮೇಲೆ ‘ಇಂಡಿಯಾ 2000’, ಭಾರತ್ ಸ್ಟೇಜ್ ಎರಡು, ಮೂರು, ನಾಲ್ಕು. ಐದನ್ನು ಹಾರಿ 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಆರು. ಇಲ್ಲಿನ ಅಳತೆ ಬಣ್ಣದ್ದಲ್ಲ, ತೂಕದ್ದು. ಕಿಲೋಮೀಟರಿಗೆ ಎಷ್ಟು ಮಿಲಿಗ್ರಾಂ ಮಸಿ ಎಂಬುದು. ಈ ಅಂಕಿಗಳು ಮನಸ್ಸಿಗೆ ನಾಟುವುದಿಲ್ಲ. ಆದ್ದರಿಂದ ನರಸೀಪುರದವರ ತಕ್ಕಡಿಯನ್ನೇ ಕಡ ತರೋಣ.

ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಐತಿಹ್ಯ. ಚಿನಿವಾರರು ಬಂಗಾರ ತೂಗುತ್ತಿದ್ದ ಗುಲಗಂಜಿ ಸುಮಾರು 120 ಮಿಲಿಗ್ರಾಂ. ನರಸೀಪುರದಿಂದ ಮೈಸೂರಿಗೆ ಸುಮಾರು 30 ಕಿಲೋಮೀಟರ್. ‘ಇಂಡಿಯಾ 2000’ದ ಮಿತಿ ಕಿಲೋಮೀಟರಿಗೆ 140 ಮಿಲಿಗ್ರಾಂ. ಆ ಕಾಲದ ಡೀಸೆಲ್ ಕಾರು ಮಿತಿಯೊಳಗೇ ಇದ್ದರೂ ಮೈಸೂರು ಸೇರುವಷ್ಟರಲ್ಲಿ 35 ಗುಲಗಂಜಿ ಮಸಿ ಬಿಡಬಹುದಿತ್ತು. ಬಿಎಸ್-4ಕ್ಕೆ 25 ಮಿಲಿಗ್ರಾಂ, ಎಂದರೆ ಆರು ಗುಲಗಂಜಿ. ಬಿಎಸ್-6ಕ್ಕೆ ನಾಲ್ಕೂವರೆ ಮಿಲಿಗ್ರಾಂ. ಇಡೀ ದಾರಿಗೆ ಒಂದು ಗುಲಗಂಜಿ, ಮೇಲೊಂದು ಚೂರು.

ಆರರಿಂದ ಒಂದಕ್ಕೆ ಇಳಿಸಿದ್ದು ಹೊಗೆ ಕೊಳವೆಯಲ್ಲಿ ಕೂರಿಸಿದ ಮಸಿಶೋಧಕ. ಮೆಕ್ಯಾನಿಕ್ಕುಗಳು ‘ಡಿಪಿಎಫ್’ ಎನ್ನುತ್ತಾರೆ. ಜೇನುಗೂಡಿನಂಥ ಪಿಂಗಾಣಿಯ ಗಟ್ಟಿ. ಸಾಲು ಸಾಲು ಸಣ್ಣ ಕೊಳವೆಗಳು, ಒಂದರ ಬಾಯಿ ಈ ಕಡೆ ಮುಚ್ಚಿದ್ದರೆ ಪಕ್ಕದ್ದರ ಬಾಯಿ ಆ ಕಡೆ ಮುಚ್ಚಿರುತ್ತದೆ. ಹೊಗೆ ಗೋಡೆಯ ರಂಧ್ರಗಳನ್ನು ತೂರಿಕೊಂಡೇ ಆಚೆ ಹೋಗಬೇಕು. ಮಸಿ ಗೋಡೆಯಲ್ಲಿ ಉಳಿಯುತ್ತದೆ. ತುಂಬಿದ ಮೇಲೆ ಎಂಜಿನ್ ತಾನೇ ತುಸು ಹೆಚ್ಚು ಡೀಸೆಲ್ ಬಿಟ್ಟು ಶೋಧಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ಕಾಲು ಗಂಟೆಯಿಂದ ಅರ್ಧ ಗಂಟೆ ನಿಲ್ಲದ ಓಟ ಬೇಕು. ನಂಜನಗೂಡಿನಿಂದ ಮೈಸೂರಿಗೆ ನಾಲ್ಕು ಪಥದ ಹಾದಿಯಲ್ಲಿ ಒಂದೇ ಸಮನೆ ಹೋದರೆ ಸಾಮಾನ್ಯವಾಗಿ ಸಾಕು. ಮನೆಯಿಂದ ಅಂಗಡಿ, ಅಂಗಡಿಯಿಂದ ದೇವಸ್ಥಾನ ಎಂದು ಊರೊಳಗೇ ಸುತ್ತುವ ಕಾರಿಗೆ ಮಾತ್ರ ಆ ಬಿಸಿ ಏರುವುದೇ ಇಲ್ಲ. ಶೋಧಕ ಕಟ್ಟಿಕೊಳ್ಳುತ್ತದೆ, ಡ್ಯಾಷ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಎಳೆತ ಕುಗ್ಗುತ್ತದೆ. ಹೊಸ ಶೋಧಕದ ಬೆಲೆ ಕೇಳಿದ ಮಾಲೀಕನಿಗೆ ತಲೆಸುತ್ತು. ಆಗ ಯಾರೋ ಹೇಳುತ್ತಾರೆ, ‘ಕಿತ್ತು ಬಿಸಾಕಿ ಸಾರ್, ಮೈಲೇಜೂ ಬರುತ್ತೆ’.

ಡಬ್ಬಿಯನ್ನು ಸೀಳಿ, ಒಳಗಿನ ಜೇನುಗೂಡನ್ನು ಒಡೆದು ತೆಗೆದು, ಮತ್ತೆ ಬೆಸುಗೆ ಹಾಕುತ್ತಾರೆ. ಹೊರಗಿನಿಂದ ಏನೂ ಗೊತ್ತಾಗದು. ಎಂಜಿನ್ನಿನ ಕಂಪ್ಯೂಟರಿಗೂ ಶೋಧಕ ಸರಿಯಾಗಿದೆ ಎಂದು ನಂಬಿಸುವ ಹೊಸ ಪಾಠ ತುಂಬುತ್ತಾರೆ. ಹಳೆಯ ಪಂಪಿನ ತಿರುಪಿನ ಮೊಮ್ಮಗ ಇದು. ವ್ಯತ್ಯಾಸ ಒಂದೇ. ತಿರುಪು ತಿರುಗಿಸಿದ ಲಾರಿ ಕಪ್ಪಗೆ ಉಗುಳಿ ತನ್ನನ್ನು ತಾನೇ ಹಿಡಿದುಕೊಡುತ್ತಿತ್ತು. ಶೋಧಕ ಕಿತ್ತ ಕಾರು ಹಾಗೆ ಮಾಡುವುದಿಲ್ಲ. ಇಂದಿನ ಡೀಸೆಲ್ ಎಂಜಿನ್ ಮಸಿಯನ್ನು ಎಷ್ಟು ನುಣ್ಣಗೆ ಬಿಡುತ್ತದೆಂದರೆ ಬೆಳಕಿನ ಯಂತ್ರ ಅದನ್ನು ಸರಿಯಾಗಿ ಹಿಡಿಯಲಾರದು. ಪರೀಕ್ಷೆಯಲ್ಲಿ ಪಾಸಾಗಿ ಪತ್ರ ಪಡೆದು ಹೋಗುವುದು ಕಷ್ಟವಲ್ಲ. ಕಾಣುವ ದಪ್ಪ ಮಸಿ ಮೂಗು, ಗಂಟಲಲ್ಲೇ ಬಹುಪಾಲು ನಿಂತರೆ, ಕಾಣದ ನುಣ್ಣನೆಯದು ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ನಿಸ್ಸಂದೇಹವಾಗಿ ಪಟ್ಟಿಗೆ ಸೇರಿಸಿತು. ನಂಜುಂಡವನು ಕಂಠದಲ್ಲೇ ತಡೆದು ನಿಲ್ಲಿಸಿದ. ನಮ್ಮ ಕಂಠಕ್ಕೆ ಆ ಶಕ್ತಿಯಿಲ್ಲ.

ಇದೇ ತೊಡಕು ಯೂರೋಪಿನವರಿಗೂ ಎದುರಾಯಿತು. ಬ್ರಿಟನ್ನಿನಲ್ಲಿ 1960ರಿಂದಲೂ ಸ್ವಂತದ ಕಾರಿಗೆ ಕಡ್ಡಾಯ ತಪಾಸಣೆಯಿದೆ. ಶೋಧಕ ಕಿತ್ತ ಕಾರು ಅಲ್ಲಿನ ಹೊಗೆ ಪರೀಕ್ಷೆಯಲ್ಲೂ ಪಾಸಾಗುವುದನ್ನು ಕಂಡು, 2014ರ ಫೆಬ್ರವರಿಯಿಂದ ಶೋಧಕ ಇದೆಯೇ ಎಂದು ಬಗ್ಗಿ ನೋಡುವಂತೆ ನಿಯಮ ಮಾಡಿದರು. ಬಗ್ಗಿ ನೋಡಿದವನಿಗೆ ಬೆಸುಗೆ ಹಾಕಿದ ಖಾಲಿ ಡಬ್ಬಿ ಕಂಡಿತು. ಅದೂ ಡಬ್ಬಿಯೇ! 2018ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಶೋಧಕವಿರಬೇಕಾದ ಕಾರಿನಿಂದ ಯಾವ ಬಣ್ಣದ ಹೊಗೆ ಕಂಡರೂ ಅನುತ್ತೀರ್ಣ. ಮತ್ತೆ ಅದೇ ‘ಕಂಡರೆ’. ಕೊನೆಗೆ ಬೇರೆ ದಾರಿ ಹಿಡಿದವರು ನೆರೆಯವರು. ಬೆಲ್ಜಿಯಂ 2022ರ ಜುಲೈನಿಂದ, ನೆದರ್‌ಲ್ಯಾಂಡ್ಸ್ 2023ರ ಜನವರಿಯಿಂದ, ಜರ್ಮನಿ ಅದೇ ವರ್ಷದ ಜುಲೈನಿಂದ ಹೊಗೆಯಲ್ಲಿನ ಕಣಗಳನ್ನೇ ಎಣಿಸುವ ಯಂತ್ರವನ್ನು ತಪಾಸಣೆಗೆ ತಂದವು. ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಕೊಳವೆಗೆ ನಳಿಗೆ ಇಟ್ಟರೆ, ಶೋಧಕವಿದ್ದ ಕಾರಿನಲ್ಲಿ ಎಣಿಕೆ ಸಾಮಾನ್ಯವಾಗಿ ಕೆಲವು ಸಾವಿರ, ಇಲ್ಲದ್ದರಲ್ಲಿ ಲಕ್ಷಗಟ್ಟಲೆ. ಡಬ್ಬಿಯನ್ನು ಎಷ್ಟು ನಾಜೂಕಾಗಿ ಬೆಸೆದರೂ ಈ ಎಣಿಕೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಪರೀಕ್ಷೆಯನ್ನು ಏಮಾರಿಸುವುದು ಬರೀ ಬೀದಿಬದಿಯ ಗ್ಯಾರೇಜಿನ ಕೆಲಸ ಎಂದುಕೊಂಡರೆ ತಪ್ಪು. ಪರೀಕ್ಷೆ ನಡೆಯುತ್ತಿರುವುದನ್ನು ಪತ್ತೆಹಚ್ಚಿ ಆಗ ಮಾತ್ರ ಸಾಧುವಾಗುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿಯೇ ತನ್ನ ಡೀಸೆಲ್ ಕಾರುಗಳಲ್ಲಿ ತುಂಬಿದ್ದು 2015ರಲ್ಲಿ ಬಯಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಅದು ಪ್ರಕಟಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚಿನಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು. ಆ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ನಮ್ಮ ಕಾನೂನಿನಲ್ಲಿ ಶಿಕ್ಷೆಗೆ ಕೊರತೆಯಿಲ್ಲ. ವಾಹನವನ್ನು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಬದಲಿಸುವುದನ್ನು 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಹಾಗೆ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೂರು ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಸೈಲೆನ್ಸರ್ ಬಿಚ್ಚಿಸಿ ಗುಡುಗುವ ಬುಲೆಟ್ಟಿನವನನ್ನು ಪೊಲೀಸರು ಹಿಡಿಯುತ್ತಾರೆ. ಬಿಚ್ಚಿದ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ಅದರ ಮೇಲೆ ರೋಡ್ ರೋಲರ್ ಓಡಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ. ಹಿಡಿಯಲು ಸಾಧ್ಯವಾಗುವುದು ಅದು ಕೇಳಿಸುವುದರಿಂದ. ಸದ್ದಿಲ್ಲದೆ, ಬಣ್ಣವಿಲ್ಲದೆ ಹೋಗುವ ಕಾರನ್ನು ಯಾವ ಗುರುತಿನಿಂದ ತಡೆಯುವುದು?

ಸಾರಿಗೆ ವಾಹನಗಳ ಎಫ್.ಸಿ.ಯನ್ನು ನಿರೀಕ್ಷಕರ ಕಣ್ಣಿನಿಂದ ಯಂತ್ರಗಳಿಗೆ ವರ್ಗಾಯಿಸಲು 2021ರಲ್ಲಿ ಕೇಂದ್ರ ನಿಯಮ ಮಾಡಿತು. ಅಲ್ಲಿ ಬ್ರೇಕನ್ನು ಉರುಳೆಗಳ ಮೇಲೆ ಅಳೆಯುತ್ತಾರೆ. ದೀಪದ ಬೆಳಕು ಬೀಳುವ ಕೋನವನ್ನು ಯಂತ್ರ ಹೇಳುತ್ತದೆ. ಹೊಗೆಗೆ ಮಾತ್ರ ಅದೇ ಬೆಳಕಿನ ನಳಿಗೆ. ಇನ್ನು ಬಿಳಿ ಫಲಕದ ಡೀಸೆಲ್ ಕಾರು. 2020ರ ಏಪ್ರಿಲ್‌ನಲ್ಲಿ ನೋಂದಣಿಯಾದ ಬಿಎಸ್-6 ಕಾರಿನ ಶೋಧಕ ಡಬ್ಬಿಯಲ್ಲಿ ಉಳಿದಿದೆಯೇ ಇಲ್ಲವೇ ಎಂದು ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಂತು ಹೇಳಬೇಕಾದ ಮೊದಲ ದಿನ ಬರುವುದು 2035ರ ಏಪ್ರಿಲ್‌ನಲ್ಲಿ.